ಏನೂ ಆಗಲ್ಲ ಬುಡಿ

ರೋಗಿ ಯಾರಾಗಬೇಕು ಎನ್ನುವುದು ಹುಣಸೂರಿನ ಕಲ್ಕುಣಿಕೆಯ ಆ ಬಾಡಿಗೆ ಮನೆಯಲ್ಲಿ ಕಳೆದ ಶ್ರಾವಣದಲ್ಲಿ ಉದ್ಭವಿಸಿದ ಅತ್ಯಂತ ಗಹನವಾದ ಪ್ರಶ್ನೆ. ಸರ್ಕಾರಗಳು ಉರುಳಿದಾಗಲೂ ಆ ಮನೆಯಲ್ಲಿ ಇಷ್ಟು ಚರ್ಚೆ ನಡೆದಿರಲಿಲ್ಲ. ರೋಗಿಗೆ ಇಂಗ್ಲಿಷ್ ಬರಬೇಕು, ಬಾರದಿದ್ದರೆ ಬಂದವರ ಹಾಗೆ ನರಳಬೇಕು. ಐದು ನಿಮಿಷ ಮೀರಿ ನರಳಬಾರದು. ಮುಖ್ಯವಾಗಿ, ನಿಜವಾದ ಕಾಯಿಲೆ ಇರಬಾರದು.

ಸುಧಾ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಏಳು ವರ್ಷದಿಂದ ನರ್ಸು. ಐರ್ಲೆಂಡಿನ ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು, ಒಂದು ಷರತ್ತಿನ ಮೇಲೆ: ನರ್ಸುಗಳ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ ಬಿ ಗ್ರೇಡು ಬರಬೇಕು. ಓದು, ಬರಹ, ಕೇಳುವಿಕೆ ಮೂರರಲ್ಲೂ ಬಂದಿತ್ತು. ಮಾತಿನಲ್ಲಿ ಎರಡು ಸಲ ಹೋಗಿತ್ತು. ಬಾಯಿಗೆ ಬೀಗವಿಲ್ಲದವಳೆಂದು ಹೆಸರಾದವಳು ಮಾತಿನಲ್ಲೇ ಫೇಲಾದದ್ದು ವಾರ್ಡಿನ ಆಯಾಗಳಿಗೂ ಸೋಜಿಗ. ಮೂರನೆಯ ಪರೀಕ್ಷೆ ಸೆಪ್ಟೆಂಬರ್ ಕೊನೆಗೆ. ಅದಕ್ಕಿಂತ ಮುಂದೆ ಕಾಯಲಾಗದೆಂದು ಆಸ್ಪತ್ರೆ ವಿನಯದಿಂದ ಬರೆದಿತ್ತು.

ಮಾತಿನ ಪರೀಕ್ಷೆ ಎಂದರೆ ನಾಟಕ. ನರ್ಸಿನ ಕೈಗೊಂದು ಕಾರ್ಡು, ಎದುರು ಕೂತವರ ಕೈಗೊಂದು ಕಾರ್ಡು. ಎದುರಿನವರು ರೋಗಿಯಾಗಿ ಹೆದರುತ್ತಾರೆ, ರೇಗುತ್ತಾರೆ, ಔಷಧಿ ಬೇಡವೆನ್ನುತ್ತಾರೆ. ನರ್ಸು ಸಂಭಾಳಿಸಬೇಕು. ಸುಧಾ ಸಂಭಾಳಿಸುತ್ತಿದ್ದಳು, ತೊಂದರೆಯಾದದ್ದೇ ಅಲ್ಲಿ. ಎದುರಿನ ಮುಖ ಸ್ವಲ್ಪ ಬಾಡಿದರೆ ಸಾಕು, ಅವಳ ಬಾಯಿಂದ ತಾನಾಗಿ ಹೊರಡುತ್ತಿತ್ತು: "ಏನೂ ಆಗಲ್ಲ ಬುಡಿ, ನಾನಿಲ್ವಾ?" ಪರೀಕ್ಷೆಯಲ್ಲೂ ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ಬಂದಿದ್ದಳು. ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆವರೆಗೆ ಯಾವ ಆಸ್ಪತ್ರೆಗೆ ಹೋದರೂ ಗ್ಲೂಕೋಸಿಗಿಂತ ಮೊದಲು ಏರಿಸುವ ಔಷಧಿ ಇದು. ಮೈಸೂರಿನಿಂದ ಫೋನಿನಲ್ಲೇ ಪಾಠ ಹೇಳುವ ಬೃಂದಾ ಮೇಡಂ ಮಾತ್ರ ಅದಕ್ಕೆ ಬೇರೆ ಹೆಸರಿಟ್ಟರು: ಸುಳ್ಳು ಭರವಸೆ.

"ಆಗುತ್ತೋ ಇಲ್ಲವೋ ನಿಮಗೆ ಗೊತ್ತಾ ಸುಧಾ? ಗೊತ್ತಿಲ್ಲದ ಮೇಲೆ ಹೇಳಬಾರದು. 'ನಿಮಗೆ ಭಯ ಆಗಿದೆ ಅಂತ ಅರ್ಥ ಆಗ್ತಿದೆ' ಅನ್ನಿ. ಗೊತ್ತಿರೋದಷ್ಟು ಹೇಳಿ. ಆಮೇಲೆ ಸುಮ್ಮನಿರಿ."

"ನಾನ್ ಸುಮ್ಮನಿದ್ರೆ ರೋಗಿ ತನ್ ಕಥೆ ಮುಗೀತು ಅಂದ್ಕೊಳಲ್ವಾ ಮೇಡಂ?"

"ಸುಮ್ಮನಿರೋದಕ್ಕೂ ಮಾರ್ಕ್ಸ್ ಇದೆ."

ಮನೆಯ ಅಭ್ಯಾಸಕ್ಕೆ ಮೊದಲ ರೋಗಿಯಾಗಿ ಬಂದವರು ಪಕ್ಕದ ಮನೆಯ ಅಕ್ತರುನ್ನೀಸಾ. ಹೊಲಿಗೆ ಮೆಷಿನ್ ಬಿಟ್ಟು ಬಂದು ಮಂಚದ ಮೇಲೆ ಕಾಲು ನೀಡಿದರು. ಕಾರ್ಡಿನ ಪ್ರಕಾರ ಆಕೆ ಇನ್ಸುಲಿನ್ ಚುಚ್ಚಿಕೊಳ್ಳಲು ಹೆದರುವ ಹೆಂಗಸು.

"ಅಲ್ಲಾ ಸುಧಮ್ಮ, ಸೂಜಿಗೆ ನಾನ್ಯಾಕೆ ಹೆದರ್ಲಿ? ಮೂವತ್ತು ವರ್ಷದಿಂದ ಅನ್ನ ತಿಂತಿರೋದೇ ಸೂಜೀಲಿ."

"ಹೆದರ್ಬೇಕು ಆಪಾ. ಕಾರ್ಡಲ್ಲಿ ಅಂಗೇ ಅದೆ."

"ಮಂಡಿಗೆ ಬೇಕಾದ್ರೆ ಹೆದರ್ತೀನಿ. ನೋಡಿಲ್ಲಿ, ಹೆಂಗೆ ಊದಿದೆ."

ಸುಧಾ ಮಂಡಿ ಮುಟ್ಟಿ ನೋಡಿದಳು. "ಏನೂ ಆಗಲ್ಲ ಬುಡಿ ಆಪಾ," ಎಂದಳು. ಅಕ್ತರುನ್ನೀಸಾ ಸಮಾಧಾನವಾಗಿ ಎದ್ದುಹೋದರು. ಪರೀಕ್ಷೆಯ ಲೆಕ್ಕದಲ್ಲಿ ಸುಧಾ ಮತ್ತೆ ಫೇಲು.

ಹೀಗೆ ರೋಗಿಯ ಹುದ್ದೆ ಗಂಡ ಕನಕರಾಜುವಿನ ಪಾಲಿಗೆ ಬಂತು. ಅವನು ಬಸ್ ಕಂಡಕ್ಟರ್. ಪಿಯುಸಿಯಲ್ಲಿ ಇಂಗ್ಲಿಷೊಂದೇ ಎರಡು ಸಲ ಹೋಗಿದ್ದರಿಂದ ಆ ಪುಸ್ತಕವನ್ನು ಪಾಸಾದವರಿಗಿಂತ ಮೂರು ಪಟ್ಟು ಹೆಚ್ಚು ಓದಿದ್ದ. ಅವನ ಬಸ್ಸು ಸಂಜೆ ಹೊರಟು ಸರಗೂರಿನ ಆಚೆಯ ಹಳ್ಳಿಯೊಂದರಲ್ಲಿ ತಂಗಿ ಬೆಳಿಗ್ಗೆ ವಾಪಸಾಗುತ್ತಿತ್ತು. ವಾರಕ್ಕೆ ಮೂರು ರಾತ್ರಿ ಅವನು ಬಸ್ಸಿನಲ್ಲೇ ಮಲಗುತ್ತಿದ್ದ. ಮಿಕ್ಕದ್ದರಲ್ಲಿ ಮೂರು ರಾತ್ರಿ ಅವಳಿಗೆ ಡ್ಯೂಟಿ. ಮದುವೆಯಾದ ನಾಲ್ಕು ವರ್ಷದಲ್ಲಿ ಅವರು ಒಬ್ಬರನ್ನೊಬ್ಬರು ಹೆಚ್ಚಾಗಿ ಕಂಡದ್ದು ಗುರುತುಗಳಲ್ಲಿ: ಬಕೆಟ್ಟಿನಲ್ಲಿ ನೆನೆಹಾಕಿದ ಖಾಕಿ ಅಂಗಿ, ತಟ್ಟೆ ಮುಚ್ಚಿಟ್ಟ ಉಪ್ಸಾರು, ಇನ್ನೂ ತಲೆಯ ಗುಳಿ ಉಳಿದಿದ್ದ ದಿಂಬು. "ಗಂಡನ್ ಬುಟ್ಟು ಅಷ್ಟ್ ದೂರ ಎಂಗಮ್ಮಿ ಇದ್ದೀಯೆ?" ಎಂದು ನೆಂಟರು ಕೇಳಿದರೆ, ಇಲ್ಲಿ ಎಷ್ಟು ಹತ್ತಿರವಿದ್ದೇವೆಂದು ಅವಳು ಬಿಡಿಸಿ ಹೇಳಲು ಹೋಗುತ್ತಿರಲಿಲ್ಲ.

ಐರ್ಲೆಂಡಿನಲ್ಲಿ ಒಬ್ಬ ನರ್ಸಿಗೆ ಆರು ರೋಗಿಗಳಂತೆ. ಇಲ್ಲಿ ಒಂದು ರಾತ್ರಿಗೆ ಮೂವತ್ತು. ಒಬ್ಬ ರೋಗಿಯ ಪಕ್ಕ ಕೂತು, ಅವನು ಮಾತು ಮುಗಿಸುವವರೆಗೆ ಕೇಳಬೇಕೆಂಬ ಆಸೆ ಸುಧಾಳಿಗೆ ಎಷ್ಟು ಹಳೆಯದೆಂದರೆ, ಅದನ್ನು ಆಸೆ ಎಂದು ಹೇಳಿಕೊಳ್ಳಲು ಅವಳಿಗೇ ನಾಚಿಕೆ. ಸಂಬಳಕ್ಕೆ ಹೋಗುತ್ತಿದ್ದೇನೆ ಎನ್ನುತ್ತಿದ್ದಳು. ಅದನ್ನು ಎಲ್ಲರೂ ಸುಲಭವಾಗಿ ಒಪ್ಪುತ್ತಿದ್ದರು.

ಇಬ್ಬರಿಗೂ ರಜೆ ಇದ್ದ ಒಂದು ಬುಧವಾರ ಮಧ್ಯಾಹ್ನ ಅಭ್ಯಾಸಕ್ಕೆ ಕೂತರು. ಹೊರಗೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕಾಲದ ಸಿಹಿಗಮಟು ವಾಸನೆ ಊರು ತುಂಬಿತ್ತು. ಸುಧಾ ಪ್ರತಿ ಸಲಕ್ಕೂ ಫೋನಿನಲ್ಲಿ ಐದು ನಿಮಿಷದ ಗಂಟೆ ಇಟ್ಟಳು. ಕನಕರಾಜು ಕಾರ್ಡನ್ನು ಟಿಕೆಟ್ಟಿನ ಹಾಗೆ ಎರಡು ಬೆರಳಿನ ನಡುವೆ ಹಿಡಿದ. ಕಾರ್ಡಿನ ರೋಗಿಗೆ ನಾಳೆ ಡಿಸ್ಚಾರ್ಜು, ಮನೆಯಲ್ಲಿ ಒಬ್ಬನೇ, ಹೇಗೆ ನಿಭಾಯಿಸುವುದೆಂದು ನರ್ಸನ್ನು ಕೇಳಬೇಕು. "ಸಿಸ್ಟರ್," ಎಂದು ಶುರುಮಾಡಿ ನಕ್ಕುಬಿಟ್ಟ.

"ಎಂಡ್ತೀನ ಸಿಸ್ಟರ್ ಅನ್ನೋ ಗತಿ ಬಂತಲ್ಲಮ್ಮಿ."

"ನಗಬ್ಯಾಡ್ರೀ. ಟೈಮ್ ಓಯ್ತಾ ಅದೆ."

ಮೊದಲೆರಡು ಸಲ ಅವನು ಕಾರ್ಡಿನಲ್ಲಿದ್ದದ್ದನ್ನು ಮುಂದಿನ ಸ್ಟಾಪು ಕೂಗುವ ದನಿಯಲ್ಲಿ ಇಂಗ್ಲಿಷಿನಲ್ಲೇ ಓದಿ ಹೇಳಿದ. ಎರಡೂ ಸಲ ಅವಳು 'ಏನೂ ಆಗಲ್ಲ' ಎಂದಳು, ಎರಡೂ ಸಲ ನಾಲಿಗೆ ಕಚ್ಚಿಕೊಂಡಳು. ಮೂರನೆಯ ಸಲ ಅವನು ಅರ್ಧಕ್ಕೆ ನಿಂತ. ಕಣ್ಣು ಕಾರ್ಡಿನ ಮೇಲೇ ಇತ್ತು.

"ಎಷ್ಟ್ ದಿನ ಒಬ್ನೇ ಇರ್ಬೇಕು ಸಿಸ್ಟರ್?"

"ಇಂಗ್ಲಿಷಲ್ಲಿ ಕೇಳಿ."

"ರೋಗಿಗೆ ಇಂಗ್ಲಿಷ್ ಮರ್ತೋಯ್ತು. ಕಾಯಿಲೆ ಜೋರು." ಅವನು ನಗಲಿಲ್ಲ. "ಒಂದ್ ವರ್ಸ ಅಂತೀರ. ಆಮೇಲೆ ನನ್ನೂ ಕರುಸ್ಕತೀನಿ ಅಂತೀರ. ಅಲ್ಲಿ ಬಸ್ಸಲ್ಲಿ ಕಂಡಕ್ಟ್ರೇ ಇರಲ್ವಂತೆ ಸಿಸ್ಟರ್. ನಾನ್ ಬಂದು ಏನ್ ಮಾಡ್ಲಿ? ನಾನ್ ಬರ್ದೇ ಇದ್ರೆ, ನೀನು ವಾಪಸ್ ಬತ್ತೀಯಾ?"

ಸುಧಾಳ ಬಾಯಿ ತೆರೆಯಿತು. ಏಳು ವರ್ಷ ಸಾವಿರಾರು ಜನಕ್ಕೆ ಹೇಳಿದ ಮಾತು ಹಲ್ಲಿನವರೆಗೆ ಬಂದದ್ದು ಕನಕರಾಜುವಿಗೂ ಕಂಡಿತು. ಅವನು ಅದಕ್ಕೇ ಕಾಯುತ್ತಿದ್ದ. ಸುಳ್ಳೆಂದು ಗೊತ್ತಿದ್ದೂ ಕಾಯುತ್ತಿದ್ದ. ಆ ಮಾತಿನ ಗುಣವೇ ಅದು, ನಿಜವಾಗಿರಬೇಕೆಂದು ಯಾರೂ ಕೇಳುವುದಿಲ್ಲ. ಅವಳು ಬಾಯಿ ಮುಚ್ಚಿದಳು. ಗೋಡೆಯಾಚೆ ಹೊಲಿಗೆ ಮೆಷಿನ್ ಒಂದು ಉದ್ದನೆಯ ಹೊಲಿಗೆ ಹಾಕಿ ನಿಂತಿತು.

"ನಿಮ್ಗೆ ಭಯ ಅದೆ," ಎಂದಳು. "ನಂಗೆ ಗೊತ್ತಾಯ್ತದೆ."

ಅವನು ಕಾರ್ಡಿನ ಮೂಲೆಯನ್ನು ಮಡಿಸಿದ, ಬಿಚ್ಚಿದ. ಅವಳು ಆತುರಪಡಿಸಲಿಲ್ಲ.

"ಒಂದ್ ವರ್ಸ ಅಂತ ಅವ್ರು ಕಾಗ್ದದಲ್ಲಿ ಬರ್ದವ್ರೆ. ಅಷ್ಟೇ ನಂಗೊತ್ತಿರದು. ಆಮೇಲಿಂದು ಗೊತ್ತಿಲ್ಲ ಕಣ್ರೀ. ಬತ್ತೀನಿ ಅಂತ ಈಗ್ಲೇ ಅಂದ್ಬುಟ್ರೆ ಅದು ಬರೀ ಬಾಯ್ಮಾತು." ತನ್ನ ಕೈಯ ಕಾರ್ಡನ್ನು ಕೆಳಗಿಟ್ಟಳು. "ನಂಗೂ ಭಯ ಅದೆ. ಆದ್ರೂ ಓಗ್ಬೇಕು ಅನ್ನುಸ್ತದೆ."

ಫೋನು ಬಡಿದುಕೊಂಡಿತು. ಇಬ್ಬರೂ ಅದನ್ನು ಆರಿಸದೆ, ತಾನಾಗಿ ಸುಮ್ಮನಾಗುವವರೆಗೆ ಕೂತಿದ್ದರು. ಆಮೇಲೆ ಕನಕರಾಜು, ಬೃಂದಾ ಮೇಡಂ ಕಳಿಸಿದ್ದ ಮಾರ್ಕ್ಸಿನ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯ ಸಂದಿನಿಂದ ಪೆನ್ನು ತೆಗೆದ. ರೋಗಿಯ ಆತಂಕ ಗುರುತಿಸಿದ್ದು: ಸರಿ. ಗೊತ್ತಿಲ್ಲದ್ದಕ್ಕೆ ಭರವಸೆ ಕೊಡದಿದ್ದದ್ದು: ಸರಿ. ರೋಗಿಗೆ ಸಮಯ ಕೊಟ್ಟದ್ದು: ಸರಿ. ಪ್ರತಿಯೊಂದಕ್ಕೂ ನಿಧಾನವಾಗಿ ಗೀಟು ಹಾಕಿದ.

"ಕೊನೇಲಿ ನಂಗೂ ಭಯ ಅದೆ ಅಂದ್ಯಲ್ಲ," ಎಂದ. "ನರ್ಸು ಅದ್ನ ಏಳಂಗಿಲ್ಲ ಕಣಮ್ಮಿ. ಪರೀಕ್ಸೇಲಿ ಬುಟ್ಬುಡು."

"ಅದುಕ್ಕೆ ಎಷ್ಟ್ ಮಾರ್ಕ್ಸ್ ಕಟ್ಟು?"

"ಕಟ್ಟಿಲ್ಲ. ಅದ್ನ ನಾನ್ ಇಟ್ಕತೀನಿ."

ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, ಕಾಫಿಗೆ ನೀರಿಡಲು ಎದ್ದುಹೋದ.

ಸೆಪ್ಟೆಂಬರ್ ಕೊನೆಯ ಪರೀಕ್ಷೆಯಲ್ಲಿ ಸುಧಾಳಿಗೆ ಬಿ ಬಂತು. ಜನವರಿಯಲ್ಲಿ ಹೋದಳು.