ಪಾಕ್‌ನಾಮಿನ ಬಂಗಡೆ ಸಾರು

ಮದುವೆಯಾದಂದಿನಿಂದ ನನ್ನ ಗಂಡ ಥವಿನ್ ಮೀನು ಮುಟ್ಟಿದವನಲ್ಲ. ಹೆಣ್ಣು ನೋಡಲು ಬಂದ ದಿನವೇ, ಮೀನು ತನ್ನ ಮೈಗೆ ಒಗ್ಗುವುದಿಲ್ಲವೆಂದು ಅಪ್ಪನೆದುರು ಕೈಮುಗಿದಿದ್ದ. ಸುಫಾನ್‌ಬುರಿಯಲ್ಲಿ ಅಪ್ಪನಿಗಿದ್ದದ್ದೇ ಎರಡು ಕೊಳ, ಅವುಗಳ ತುಂಬ ಕೊರವ ಮೀನು. ಮೀನು ಸಾಕುವವನ ಮಗಳಾದ ನಾನು ಗಂಡನಿಗೋಸ್ಕರ ಹಂದಿ, ಕೋಳಿ, ಬಾತುಮೊಟ್ಟೆ ಎಂದು ಅಡುಗೆಯನ್ನೇ ಬದಲಿಸಿಕೊಂಡೆ. ‘ಸಂಗ್ವಿಯನ್‌ಗೆ ಗಂಡ ಅಂದ್ರೆ ಪ್ರಾಣ’ ಎಂದು ನೆರೆಯವರು ನಗುತ್ತಿದ್ದರು.

ಈ ವರ್ಷ ಅವನ ಅಕ್ಕನ ಮಗ ದಕ್ಷಿಣದ ನಖೋನ್‌ನಲ್ಲಿ ಭಿಕ್ಷುವಾಗುವವನಿದ್ದ. ನಾವಿಬ್ಬರೂ ನಮ್ಮ ಪಿಕಪ್ಪಿನಲ್ಲಿ ಹೊರಟೆವು. ಚುಂಫೋನ್ ದಾಟಿ ಸುಮಾರು ದೂರ ಬಂದ ಮೇಲೆ ಥವಿನ್ ಹೇಳದೆ ಕೇಳದೆ ಗಾಡಿಯನ್ನು ಸಮುದ್ರದ ಕಡೆ ತಿರುಗಿಸಿದ.

“ಇದೆಲ್ಲಿಗೆ?”

“ಪಾಕ್‌ನಾಮಿಗೆ. ಹುಡುಗನಾಗಿದ್ದಾಗ ಅಲ್ಲಿ ದೋಣಿ ಕೆಲ್ಸ ಮಾಡ್ತಿದ್ದೆ ಅಂದಿರ್ಲಿಲ್ವಾ? ಒಂದು ಗಳಿಗೆ ಇಣುಕಿ ಹೋಗೋಣ.”

ಅಂದಿದ್ದ, ನಿಜ. ಊರಿನ ಹೆಸರು ಬಿಟ್ಟು ಬೇರೇನೂ ಅಂದಿರಲಿಲ್ಲ.

ದೋಣಿ ಕಟ್ಟುವ ದಕ್ಕೆಯ ಪಕ್ಕದಲ್ಲಿ ಬಲೆ ಬಿಗಿದ ತಟ್ಟಿಗಳ ಮೇಲೆ ಮೂಳೆಯಿಲ್ಲದ ಬೊಂಡಾಸ್ ಮೀನುಗಳು ಒಣಗುತ್ತಿದ್ದವು. ನಡುವೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು ಹಸಿ ಬೊಂಡಾಸ್ ಸೀಳುತ್ತಿದ್ದಳು. ಥವಿನ್‌ಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಇವನು ಗಾಡಿಯಿಂದಿಳಿದದ್ದೇ ಕತ್ತಿ ಕೆಳಗಿಟ್ಟು ಕೂಗಿದಳು.

“ಏ ಕರಿಯಾ! ಇನ್ನೂ ಬದ್ಕಿದ್ದೀಯೇನೋ? ಸಮುದ್ರ ಬೇಡ ಅಂತೋ, ಯಮ ಬೇಡ ಅಂದ್ನೋ?”

“ನಿನ್ ಬಾಯಿಗೆ ಹೆದರಿ ಇಬ್ರೂ ಹತ್ರ ಬರ್ಲಿಲ್ಲ ಕಣೇ ರಬಿಯಪ್!”

ಕರಿಯ! ನನ್ನ ಗಂಡನಿಗೆ ಹಾಗೊಂದು ಹೆಸರಿದ್ದದ್ದು ನನಗೆ ಗೊತ್ತಿರಲಿಲ್ಲ. ಹಿರಿಯಳನ್ನು ಅಕ್ಕ ಎನ್ನದೆ ಬರೀ ಹೆಸರು ಹಿಡಿದು ಕರೆದನಲ್ಲ, ಅದು ಚುಚ್ಚಿತು. ಮೇಲಾಗಿ ಅವನು ನಗುತ್ತಿದ್ದ. ದವಡೆಹಲ್ಲು ಕಾಣುವ ಹಾಗೆ ಅವನು ನಗಬಲ್ಲನೆಂದು ನಾನು ಕಂಡದ್ದು ಅದೇ ಮೊದಲು.

ಊಟದ ಹೊತ್ತಾಗಿತ್ತು. ರಬಿಯಪ್ ನಮ್ಮನ್ನು ಜಗಲಿಯಲ್ಲಿ ಕೂರಿಸಿ ಅನ್ನ ತಂದಳು, ಅರಿಸಿನ ಹಾಕಿದ ಬಂಗಡೆಯ ಹುಳಿಸಾರು ತಂದಳು.

“ಅಕ್ಕಾ, ಇವ್ರಿಗೆ ಮೀನು ಆಗಲ್ಲ,” ಎಂದೆ. ಗಂಡನ ವಿಷಯ ಬಲ್ಲವಳು ನಾನು ಎಂಬ ಜಂಬದಿಂದಲೇ ಅಂದೆ.

ರಬಿಯಪ್ ಸೌಟು ಹಿಡಿದು ಹಾಗೇ ನಿಂತಳು. “ಇವ್ನಿಗಾ? ಬೆಕ್ಕಿನ ಜೊತೆ ಜಗಳ ಆಡಿ ಮೀನು ಕಿತ್ಕೋತಿದ್ದ ಆಸಾಮಿ ಇದು!”

ಥವಿನ್ ನನ್ನ ಮುಖ ನೋಡಲಿಲ್ಲ. ತಟ್ಟೆ ಎಳೆದುಕೊಂಡು, ಬಂಗಡೆಯ ತಲೆಯನ್ನು ಮುರಿದು ಬಾಯಿಗಿಟ್ಟು ಚೀಪಿದ. ಮೂರು ಸಲ ಬಡಿಸಿಕೊಂಡ. ನಾನು ಬೇಯಿಸಿದ ಎಷ್ಟು ಕೋಳಿಗಳನ್ನು ಅವನು ಬರೀ ಕರ್ತವ್ಯವೆಂಬಂತೆ ನುಂಗಿದ್ದನೋ, ಅವೆಲ್ಲ ನನ್ನ ತಲೆಯಲ್ಲಿ ಎದ್ದು ಕೂತು ಕೆದಕತೊಡಗಿದವು. ಸಾರು ಚೆನ್ನಾಗಿತ್ತು, ಅದು ಇನ್ನೂ ದೊಡ್ಡ ಸಂಕಟ.

ಊಟವಾದ ಮೇಲೆ ಹಳೆಯ ದೋಣಿಯವರು ಬಂದು ಅವನನ್ನು ದಕ್ಕೆಗೆ ಕರೆದೊಯ್ದರು. ಉಳಿದವರು ನಾವಿಬ್ಬರೇ.

“ಕತ್ತಿ ಕೊಡಿ ಅಕ್ಕಾ. ನಾನೂ ಸೀಳ್ತೀನಿ. ನಾನೇನು ಮೀನು ಕಾಣ್ದೋಳಲ್ಲ.”

ಕೊಳದ ಮೀನಿಗೆ ಪಳಗಿದ ಕೈಯಲ್ಲಿ ಬೊಂಡಾಸ್ ಜಾರಿತು, ಕತ್ತಿ ಹೆಬ್ಬೆರಳಿಗಿಳಿಯಿತು. ರಬಿಯಪ್ ತನ್ನ ತಲೆವಸ್ತ್ರದ ಅಂಚು ಹರಿದು ಬೆರಳಿಗೆ ಸುತ್ತತೊಡಗಿದಳು. ನನಗೆ ತಡೆಯಲಾಗಲಿಲ್ಲ.

“ನಿಮ್ಗೂ ಅವ್ರಿಗೂ ಏನಿತ್ತು?”

“ನನ್ ಕಡೆಯಿಂದ ಎಲ್ಲಾ ಇತ್ತು. ಅವ್ನ ಕಡೆಯಿಂದ ಊಟ ಇತ್ತು.” ಗಂಟು ಬಿಗಿದಳು. “ಅಕ್ಕಿ ತರೋಕೆ ಲಾರಿ ಹತ್ತಿ ನಿಮ್ ಸೀಮೆಗೆ ಹೋದೋನು ತಿರುಗಿ ಬರ್ಲಿಲ್ಲ. ಇವನನ್ನ ಹಿಡಿದಿಟ್ಕೊಂಡೋಳ ಅನ್ನ ಹಳಸ್ಲಿ ಅಂತ ಎಷ್ಟು ಶಪಿಸಿದೀನೋ. ಮುಖ ಗೊತ್ತಿರ್ಲಿಲ್ಲ, ಅದಕ್ಕೇ ತಟ್ಟಿಲ್ಲ ಅನ್ಸುತ್ತೆ.”

“ಈಗ ಗೊತ್ತಾಯ್ತಲ್ಲ.”

“ಕೈಗೆ ಬಟ್ಟೆ ಕಟ್ಟಿದ್ಮೇಲೆ ಹೆಂಗ್ ಶಪಿಸ್ಲಿ ತಂಗೀ?” ಎಂದು ನಕ್ಕಳು.

ಅವಳು ಕೆಟ್ಟವಳಾಗಿದ್ದರೆ ನನಗೆಷ್ಟು ಸಲೀಸಾಗುತ್ತಿತ್ತು.

ಮತ್ತೆ ಗಾಡಿ ಹತ್ತಿ, ಹೆದ್ದಾರಿ ಸೇರುವವರೆಗೆ ತಡೆದುಕೊಂಡು ಥವಿನ್‌ನನ್ನು ಕೇಳಿದೆ. “ಅಪ್ಪನ ಹತ್ರ ಯಾಕೆ ಸುಳ್ಳು ಹೇಳಿದ್ರಿ?”

“ನಿಮ್ ಕೊಳದ ಮೀನು ಕೆಸರು ನಾರುತ್ತೆ ಕಣೇ. ಮಾವನ ಮುಂದೆ ಹೆಂಗ್ ಹೇಳ್ಲಿ?”

“ಸಂತೇಲಿ ಸಮುದ್ರದ ಮೀನೂ ಬರುತ್ತಲ್ಲ? ಒಂದಿನಾನಾದ್ರೂ ತಾ ಅಂದ್ರಾ?”

ಅವನು ಮುಂದಿದ್ದ ಲಾರಿಯನ್ನು ಹಿಂದೆ ಹಾಕುವುದರಲ್ಲೇ ಮಗ್ನನಾದ. ಆಮೇಲೆ ಮೆಲ್ಲಗೆ, “ವಾಪಸ್ ಬರುವಾಗ ಇಲ್ಲೇ ಊಟಕ್ಕೆ ನಿಲ್ಲೋಣ್ವಾ? ಕರೆದಿದ್ದಾಳೆ,” ಎಂದ.

“ರನೋಂಗ್ ಮೇಲಿಂದಾನೂ ರಸ್ತೆ ಇದೆ.”

“ಸುತ್ತಾಗುತ್ತೆ.”

“ಆಗ್ಲಿ.”

ನಖೋನ್‌ನಲ್ಲಿ ಹುಡುಗನ ತಲೆ ಬೋಳಿಸಿದರು, ಎಲ್ಲರೂ ಅತ್ತರು, ಡೋಲು ಬಡಿದು ಕುಣಿದರು. ನಾನೂ ಕುಣಿದೆ.

ಮರಳುವಾಗ ಥವಿನ್ ತಕರಾರಿಲ್ಲದೆ ರನೋಂಗ್ ದಾರಿ ಹಿಡಿದ. ಬೆಟ್ಟ, ತಿರುವು, ಮಂಜು. ಸೀಬೆಹಣ್ಣು ಹೆಚ್ಚಿ ಕೊಟ್ಟರೆ ತಿಂದ. ಮಾತಾಡಿಸಿದರೆ ‘ಹೂಂ’ ಎಂದ. ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ ಅದು ನನ್ನ ಪಾಲಿನದಾಗುತ್ತಿತ್ತು. ಚುಂಫೋನ್ ಬಳಿ ಎರಡೂ ರಸ್ತೆ ಕೂಡುವಲ್ಲಿ ಊರಿಗೆ ಹೋಗಲು ನಾವು ಎಡಕ್ಕೆ ಹೊರಳಬೇಕು. ಅವನು ಎಡಕ್ಕೇ ಹೊರಳಿಸಿದ. ಹೊರಳುವ ಮುನ್ನ ಒಮ್ಮೆ ಬಲಗಡೆ, ಪಾಕ್‌ನಾಮ್ ಇರುವ ದಕ್ಷಿಣದತ್ತ, ಕಣ್ಣು ಹಾಯಿಸಿದ.

ವಾಹನ ಬರುತ್ತಿದೆಯೇ ಎಂದು ನೋಡಿದ್ದಿರಬಹುದು. ರಸ್ತೆ ಖಾಲಿಯಿತ್ತು.