ಕುಂತಯ್ಯನ ಮಡಿಲು

ಜೇನು ಅಂದರೆ ನನಗೆ ಕೈಕಾಲು ಬಿದ್ದುಹೋಗುವಷ್ಟು ಹೆದರಿಕೆ. ನನಗೆ ಕಚ್ಚಿದರೆ ಊದುತ್ತದೆ, ಇಳಿಯುತ್ತದೆ, ಅಷ್ಟೇ. ಹೆದರಿಕೆ ಇರುವುದು ಮಗಳ ವಿಷಯಕ್ಕೆ. ಹೋದ ವರ್ಷ ಅರಸೀಕೆರೆಯ ನಮ್ಮ ಮನೆ ಹಿತ್ತಲಲ್ಲಿ ಒಂದೇ ಒಂದು ಹುಳ ಯಶೋಧರಾಳ ಕುತ್ತಿಗೆಗೆ ಕಚ್ಚಿತು. ನೋಡನೋಡುತ್ತಲೇ ತುಟಿ ದಪ್ಪಗಾಯಿತು, ಮೈಯೆಲ್ಲ ದದ್ದು ಎದ್ದಿತು, ಉಸಿರು ಕುಯ್ಯೋ ಎನ್ನತೊಡಗಿತು. ಆಸ್ಪತ್ರೆ ನಮ್ಮ ಬೀದಿಯಲ್ಲೇ ಇದ್ದದ್ದಕ್ಕೆ ಉಳಿದಳು. "ಇನ್ನೊಂದ್ಸಲ ಕಚ್ಚಿದ್ರೆ ಇಲ್ಲಿಗೆ ಬರೋಷ್ಟು ಟೈಮೂ ಸಿಗದೇ ಇರ್ಬಹುದು, ಹುಷಾರಮ್ಮ" ಅಂದಿದ್ದರು ಡಾಕ್ಟರು. ಏಳು ವರ್ಷದ ಮಗು ಕಣ್ರೀ. ಅವತ್ತಿಂದ ನಾನು ಹೂವಿನ ಗಿಡ ಕಂಡರೂ ಬೈಯುತ್ತೇನೆ.

ಅಂಥವಳನ್ನು ಕರೆದುಕೊಂಡು ಕುಂತಯ್ಯನ ಬಂಡೆಗೆ ಹೋಗೋಣ ಅಂದರು ನಮ್ಮ ಯಜಮಾನರು!

ಕಣಕಟ್ಟೆಯಿಂದ ಆಚೆ, ತೆಂಗಿನ ತೋಟ ಮುಗಿದ ಮೇಲೆ, ಒಂದು ಗುಡ್ಡ ಇದೆ. ಅದರ ಒಂದು ಮಗ್ಗುಲು ಕಡಿದಾದ ಬಂಡೆ. ಆ ಬಂಡೆಯಲ್ಲೇ ಕಡೆದ ಒಬ್ಬ ಕುಳಿತಿದ್ದಾನೆ, ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರ. ಕಣ್ಣು ಮುಚ್ಚಿದೆ, ಎರಡು ಕೈಯೂ ಮಡಿಲಲ್ಲಿವೆ. ಬಲಗಿವಿ ಯಾವ ಕಾಲದಲ್ಲೋ ಉದುರಿಹೋಗಿದೆ. ಯಾರು ಕಡೆದರೋ ಊರಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಹಿರಿಯರು ಕುಂತಯ್ಯ ಅನ್ನುತ್ತಿದ್ದರು, ಬೌದ್ಧರಾದ ಮೇಲೆ ನಾವು ಬುದ್ಧ ಅನ್ನುತ್ತೇವೆ. ಬೇಸಗೆ ಬಂತೆಂದರೆ ಅವನ ಎಡಗಿವಿಯ ಕೆಳಗೆ ಹೆಜ್ಜೇನು ಕಟ್ಟುತ್ತದೆ. ಒಂದೊಂದು ಗೂಡೂ ಮೊರದಷ್ಟು ಅಗಲ. ಅವನ ಮುಂದೆ ಊದುಬತ್ತಿ ಹಚ್ಚುವ ಹಾಗಿಲ್ಲ, ಪಟಾಕಿ ಇಲ್ಲ, ಗಟ್ಟಿಯಾಗಿ ಮಾತೂ ಆಡುವ ಹಾಗಿಲ್ಲ. ಇದು ಮೊದಲಿಂದ ಬಂದ ಕಟ್ಟು.

"ಮಗು ಕಾರಲ್ಲೇ ಇರ್ಲಿ ಆಶಾ. ಗ್ಲಾಸ್ ಏರಿಸಿರೋಣ, ಅವ್ವ ಜೊತೆಗಿರ್ತಾಳೆ. ಬುದ್ಧಪೂರ್ಣಿಮೆ ದಿನ ಒಬ್ಬಳನ್ನೇ ಮನೇಲಿ ಬಿಟ್ಟು ಬರೋಕಾಗುತ್ತಾ?" ಅಂದರು ಉಮಾಶಂಕರ್. ಪಿಯು ಕಾಲೇಜಿನ ಉಪನ್ಯಾಸಕರು; ಅವರ ಬಾಯಲ್ಲಿ ಯಾವುದೂ ಸರಿ ಅನ್ನಿಸಿಬಿಡುತ್ತದೆ.

ಅತ್ತೆ ಮುನಿಯಮ್ಮನದು ಬೇರೆಯೇ ತಕರಾರು. ನಮ್ಮ ಕಡೆ ಸಾವಿನ ಬಾಯಿಂದ ಬಂದ ಮಗುವನ್ನು ಕುಂತಯ್ಯನ ಮಡಿಲಲ್ಲಿ ಒಂದು ಗಳಿಗೆ ಕೂರಿಸುತ್ತಿದ್ದರು. ಮಗು ಆಸ್ಪತ್ರೆಯಲ್ಲಿದ್ದಾಗ ಅತ್ತೆ ಹಾಗಂತ ಹರಕೆ ಹೊತ್ತಿದ್ದರು.

"ಬುದ್ಧನಿಗೆ ಹರಕೆ ಗಿರಕೆ ಇಲ್ಲ ಕಣವ್ವ" ಎಂದು ಮಗ ನಕ್ಕರೆ ಅವರಿಗೆ ನಗು ಬರಲಿಲ್ಲ.

"ನೀನು ಏನಾರ ಕರ್ಕೊ. ಆಡಿದ ಮಾತು ಆಡಿದ್ದೇಯ. ಹರಕೆ ಮರ್ತ್ರೆ ಕೊಟ್ಟಿದ್ದ ಜೀವಾನ ಅವನು ವಾಪಸ್ ಕೇಳಲ್ವೇನ್ಲಾ? ನಂಗೆ ದಿಗಿಲಾಯ್ತದೆ."

"ಅತ್ತೆ, ಅಲ್ಲಿ ಜೇನಿದೆ. ಆ ಮಡಿಲ ಹತ್ರ ಮಗೂನ ಕರ್ಕೊಂಡು ಹೋದ್ರೆ ನಾನು ಸುಮ್ನಿರಲ್ಲ" ಅಂದೆ. ಸ್ಕೂಲ್ ಟೀಚರು ನಾನು, ನನ್ನ ಗಂಟಲು ಮೂರು ಕ್ಲಾಸಿಗೆ ಕೇಳುತ್ತದೆ. ಅತ್ತೆಯ ಬಾಯಿ ಅದಕ್ಕಿಂತ ಜೋರು. ಆದರೆ ಅವತ್ತು ಅವರು ಮಾತು ಬೆಳೆಸಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಈ ವರ್ಷದ ವಿಶೇಷ ಪಂಚಶೀಲ ಧ್ವಜ. ಮನೆಮನೆಯಿಂದ ಸೀರೆ ಕೇಳಿ ತಂದು, ನೀಲಿ, ಹಳದಿ, ಕೆಂಪು, ಬಿಳಿ, ಕೇಸರಿ ಪಟ್ಟಿ ಸೇರಿಸಿ, ಹೆಂಗಸರೆಲ್ಲ ಕೂತು ಹೊಲಿದಿದ್ದೆವು. ಹಾಸಿದರೆ ಒಂದು ಕಣ ಮುಚ್ಚುವಂತಿತ್ತು. ಅದನ್ನು ಬಂಡೆಯ ನೆತ್ತಿಯಿಂದ, ಜೇನಿಲ್ಲದ ಬಲಗಡೆಗೆ ಇಳಿಬಿಡುವುದು. ಅಷ್ಟು ಹಳೆಯ ಕಲ್ಲಿಗೆ ಮೊಳೆ ಹೊಡೆಯಬಾರದೆಂದು, ಮೇಲೆ ನಿಂತು ಎರಡು ತುದಿಯ ಹಗ್ಗವನ್ನು ಯಜಮಾನರೂ ಅವರ ತಮ್ಮ ಮಧುಕುಮಾರನೂ ಹಿಡಿದುಕೊಳ್ಳುವುದು. ಮೇಲಿನವರಿಗೆ ವಿಗ್ರಹ ಕಾಣುವುದಿಲ್ಲ, ಕೆಳಗಿನವರು ಕೂಗುವ ಹಾಗಿಲ್ಲ. ಅದಕ್ಕೇ ದೂರ ನಿಂತು ಬಿಳಿ ಟವೆಲ್ಲಿನಲ್ಲಿ ಸನ್ನೆ ಮಾಡುವ ಕೆಲಸ ನನ್ನದು. ಎತ್ತಿದರೆ ಎಳೆಯಿರಿ, ತಗ್ಗಿಸಿದರೆ ಹಗ್ಗ ಸ್ವಲ್ಪ ಸಡಿಲಿಸಿ, ಆಡಿಸಿದರೆ ಪಕ್ಕಕ್ಕೆ ಸರಿಯಿರಿ. ಧ್ವಜವನ್ನೇ ಕೈಬಿಡಿ ಅನ್ನುವುದಕ್ಕೆ ಸನ್ನೆ ಇರಲಿಲ್ಲ. ಧ್ವಜ ನೆಲಕ್ಕೆ ಬೀಳಬಹುದೆಂದು ಯಾರು ಯೋಚಿಸುತ್ತಾರೆ?

ಬೆಳಿಗ್ಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಧ್ವಜ ನೆಟ್ಟಗೆ ಇಳಿಯಿತು, ಹೊಟ್ಟೆ ತುಂಬಿತು ನೋಡಿ. ಬಿಳಿ ಬಟ್ಟೆಯ ಜನ ಮಣ್ಣಲ್ಲಿ ಕೂತು ಪಿಸುದನಿಯಲ್ಲೇ ಬುದ್ಧಂ ಸರಣಂ ಎಂದು ತ್ರಿಸರಣ ಹೇಳಿದರು. ಆಮೇಲೆ ಧ್ಯಾನ. ಎಲ್ಲರೂ ಕಣ್ಣು ಮುಚ್ಚಿದರು. ಕಣ್ಣು ತೆರೆದುಕೊಂಡಿದ್ದವಳು ನಾನೊಬ್ಬಳೇ, ಅದೂ ಧ್ವಜದ ಮೇಲೆ.

ಆಗ ಗಾಳಿ ಎದ್ದಿತು.

ಧ್ವಜದ ಕೆಳತುದಿ ಮೊದಲು ಸುಮ್ಮನೆ ನಡುಗಿತು. ಆಮೇಲೆ ಕುಂತಯ್ಯನ ಎದೆಯ ತನಕ ಬಂದು ವಾಪಸು ಹೋಯಿತು. ಟವೆಲ್ ಆಡಿಸಿದೆ. ಮೇಲಿನವರು ಸರಿದರು, ಸಾಲಲಿಲ್ಲ. ಮುಂದಿನ ಬೀಸಿಗೆ ತುದಿ ಗದ್ದದ ಹತ್ತಿರ ಬಂತು. ಮಗು ಕಾರಲ್ಲಿದೆ, ಗ್ಲಾಸ್ ಏರಿಸಿದೆ ಎಂದು ಸಮಾಧಾನಕ್ಕೆ, ಕಾರು ನಿಲ್ಲಿಸಿದ್ದ ಹುಣಸೆ ಮರದ ಕಡೆ ತಿರುಗಿದೆ.

ಕಾರಿನ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

ಹುಡುಕಬೇಕಾಗಿಯೇ ಇರಲಿಲ್ಲ. ವಿಗ್ರಹದ ಪಕ್ಕದ ಸವೆದ ಮೆಟ್ಟಿಲುಗಳನ್ನು ಅತ್ತೆ ಆಗಲೇ ಹತ್ತಿ ಮುಗಿಸಿದ್ದರು. ಎಲ್ಲರೂ ಕಣ್ಣು ಮುಚ್ಚುವ ಹೊತ್ತನ್ನೇ ಕಾಯುತ್ತಿದ್ದರಲ್ಲ ಮಹಾತಾಯಿ! ಕಲ್ಲಿನ ಎರಡು ಅಂಗೈಗಳ ನಡುವೆ ನನ್ನ ಮಗಳನ್ನು ಕೂರಿಸಿ ಕೈ ಮುಗಿಯುತ್ತಿದ್ದರು. ಮಗು ಬೆರಗಾಗಿ ಮೇಲೆ ನೋಡುತ್ತಿತ್ತು. ಅವಳ ನೆತ್ತಿಯ ನೇರಕ್ಕೆ ಗೂಡು.

ಕೂಗಲು ಬಾಯಿ ತೆರೆದೆ. ಕೂಗಿದರೆ ಮಗು ಹೆದರಿ ಎದ್ದು ಓಡುತ್ತದೆ, ಓಡುವವರ ಹಿಂದೆಯೇ ಹೆಜ್ಜೇನು ಬೀಳುವುದು. ಬಾಯಿ ಮುಚ್ಚಿದೆ. ಇಡೀ ಜನ್ಮದಲ್ಲಿ ನಾನು ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದಿಲ್ಲ.

ಧ್ವಜ ಗೂಡಿಗೆ ಒಮ್ಮೆ ಸವರಿತು. ಗೂಡಿನ ಮೈ ಮೇಲಿಂದ ಕೆಳಕ್ಕೆ ಒಂದು ಅಲೆ ಹರಿಯಿತು. ಅಷ್ಟೇ ಆಯಿತು ಅಂದುಕೊಂಡೆ. ಎರಡನೇ ಸಲ ಪಟ್ ಎಂದು ಬಡಿಯಿತು. ಗೂಡು ಕರಗಿದಂತೆ ಹುಳಗಳೆಲ್ಲ ಒಟ್ಟಿಗೆ ಕೆಳಕ್ಕೆ ಸುರಿದವು.

ಸದ್ದು ಕೇಳಿ ಜನ ಕಣ್ಣು ಬಿಟ್ಟರು, ಎದ್ದರು, ತೋಟದ ಕಡೆ ಬಿದ್ದೆನೋ ಎದ್ದೆನೋ ಎಂದು ಓಡಿದರು. ಮಡಿಲಲ್ಲಿ ಅತ್ತೆ ಸೆರಗು ಕಿತ್ತು ಮಗುವಿಗೆ ಹೊದಿಸುತ್ತಿದ್ದರು. ತಲೆ ಮುಚ್ಚಿದರೆ ಕಾಲು, ಕಾಲು ಮುಚ್ಚಿದರೆ ಕೈ. ಬಟ್ಟೆ ಬೇಕಿತ್ತು. ಬಟ್ಟೆ ಅವರ ತಲೆಯ ಮೇಲೆಯೇ ನೇತಾಡುತ್ತಿತ್ತು!

ಬಂಡೆಯ ಅಂಚಿಗೆ ಬಗ್ಗಿದ್ದ ಯಜಮಾನರಿಗೆ ಕಾಣುವಂತೆ ಟವೆಲನ್ನು ನೆಲಕ್ಕೆ ಎಸೆದೆ. ಅವರಿಗೆ ತಿಳಿಯಲಿಲ್ಲ. ಎತ್ತಿಕೊಂಡು ಮತ್ತೆ ಎಸೆದೆ. ಬಿಡ್ರೀ, ಬಿಟ್ಟುಬಿಡ್ರೀ ಎಂದು ಹೊಟ್ಟೆಯೊಳಗೇ ಅರಚಿಕೊಂಡೆ. ಮೂರನೇ ಸಲ ಎಸೆದು ಅದನ್ನು ಕಾಲಲ್ಲಿ ತುಳಿದೆ. ಅವರು ತಮ್ಮನ ಕಡೆ ತಿರುಗಿ ಏನೋ ಅಂದರು. ಎರಡು ಹಗ್ಗವೂ ಸಡಿಲವಾದವು.

ಧ್ವಜ ಮಡಿಲ ಮೇಲೆ ಬಿತ್ತು. ಅತ್ತೆ ಅದನ್ನು ಮಗುವಿಗೆ ಸುತ್ತಿದರು, ಮಡಿಸಿ ಮತ್ತೆ ಸುತ್ತಿದರು, ಅಂಚನ್ನೆಲ್ಲ ಒಳಕ್ಕೆ ತುರುಕಿ ಆ ಅಂಚಿನ ಮೇಲೆ ತಾವು ಕುಳಿತರು. ಒಳಗೆ ತಾವೂ ಸೇರಬಹುದಿತ್ತು. ಸೇರಬೇಕಾದರೆ ಅಂಚು ಎತ್ತಬೇಕು, ಎತ್ತಿದರೆ ಹುಳ ನುಗ್ಗುತ್ತದೆ. ಅವರು ಎತ್ತಲಿಲ್ಲ.

ನಾನು ಓಡಿದೆ. ಅರ್ಧ ದಾರಿಯಲ್ಲೇ ಕಿವಿಗೆ, ಕಣ್ಣಿನ ಮೇಲೆ, ಕತ್ತಿಗೆ ಕಚ್ಚಿದವು. ಬೆನ್ನ ಹಿಂದೆ ಹಿಂಡೇ ಬರುತ್ತಿತ್ತು. ಆಗ ಹೊಳೆಯಿತು, ನಾನು ಹತ್ತಿದರೆ ಇವನ್ನೆಲ್ಲ ಮಗಳ ಹತ್ತಿರ ಕರೆದುಕೊಂಡು ಹೋದ ಹಾಗೆ. ಅಲ್ಲೇ ಲಂಟಾನ ಪೊದೆಯೊಳಗೆ ನುಗ್ಗಿ, ಸೀರೆ ಮುಸುಕೆಳೆದು ಮಲಗಿದೆ. ಎಲೆಗಳ ಸಂದಿಯಿಂದ ಮಡಿಲು ಕಾಣುತ್ತಿತ್ತು. ಅತ್ತೆಯ ಬೆನ್ನು, ತೋಳು, ಬಿಳಿ ಕೂದಲು ಎಲ್ಲ ಕಪ್ಪಗೆ ಹರಿದಾಡುತ್ತಿದ್ದವು. ನಲ್ಲಿ ನೀರಿಗೆ ಇಡೀ ಬೀದಿ ನಡುಗುವಂತೆ ಜಗಳಕ್ಕೆ ನಿಲ್ಲುವ ಹೆಂಗಸು ಒಂದು ಸಲವಾದರೂ ಅಯ್ಯೋ ಅನ್ನಲಿಲ್ಲ. ಬಲಗೈ ಮಾತ್ರ ಬಟ್ಟೆಯ ಗಂಟಿನ ಮೇಲೆ ಆಡುತ್ತಿತ್ತು. ಮೆಲ್ಲಗೆ ತಟ್ಟುತ್ತಿದ್ದರು.

ಅಂದು ನಾನು ಬುದ್ಧ ಅಂದೆನೋ ಕುಂತಯ್ಯ ಅಂದೆನೋ ನೆನಪಿಲ್ಲ. ಇಬ್ಬರನ್ನೂ ಕರೆದಿರಬೇಕು.

ಎಷ್ಟು ಹೊತ್ತಾಯಿತೋ. ಹುಳ ಕಡಿಮೆಯಾದ ಮೇಲೆ ಮೆಟ್ಟಿಲಲ್ಲಿ ತೆವಳಿಕೊಂಡು ಹತ್ತಿದೆ. ಅತ್ತೆಯ ಮುಖ ಗುರುತೇ ಸಿಗಲಿಲ್ಲ. ಗುಡ್ಡದ ಹಿಂಬದಿಯಿಂದ ಇಳಿದು ಬಂದ ಯಜಮಾನರು ಅವರನ್ನು ಹೊತ್ತರು, ನಾನು ಗಂಟನ್ನು ಬಿಚ್ಚದೆ ಹಾಗೇ ಎತ್ತಿಕೊಂಡೆ. ಅದು ಅಲುಗಲಿಲ್ಲ. ಕಾರಿನ ಬಾಗಿಲು ಮುಚ್ಚಿ ಬಟ್ಟೆ ಬಿಡಿಸಿದೆ. ನೀಲಿ ಪಟ್ಟಿ ಸರಿಸಿದೆ, ಹಳದಿ ಸರಿಸಿದೆ. ಬೆವರಲ್ಲಿ ತೊಯ್ದ ಮಗಳು ಕಣ್ಣು ಪಿಳಿಪಿಳಿ ಬಿಟ್ಟಳು. ಕತ್ತು, ಕಿವಿ, ಬೆರಳಸಂದಿ, ಕಾಲು ಎಲ್ಲ ಹುಡುಕಿದೆ. ಒಂದೂ ಕಚ್ಚಿರಲಿಲ್ಲ.

"ಆಚೆ ಬರ್ಲಾ ಅಜ್ಜಿ ಅಂತ ಕೇಳ್ತಾನೇ ಇದ್ದೆ ಅಮ್ಮ. ಅಜ್ಜಿ ಮಾತೇ ಆಡ್ಲಿಲ್ಲ. ಬೇಡ ಅಂತ ತಟ್ತಾ ಇದ್ರು" ಅಂದಳು.

ಆಸ್ಪತ್ರೆಯಲ್ಲಿ ಇಬ್ಬರು ನರ್ಸುಗಳು ಕೂತು ಅತ್ತೆಯ ಮೈಯಿಂದ ಮುಳ್ಳು ತೆಗೆದರು. ಡ್ರಿಪ್ ಹಾಕಿದರು. ವಯಸ್ಸಾಗಿದೆ, ಏನೂ ಹೇಳಕ್ಕಾಗಲ್ಲ ಅಂದರು ಡಾಕ್ಟರು. ಸಂಜೆಯಾದರೂ ಅವರಿಗೆ ಪ್ರಜ್ಞೆ ಇರಲಿಲ್ಲ. ಆದರೆ ಆ ಬಲಗೈ ನಿಂತಿರಲಿಲ್ಲ. ಮಂಚದ ಹಾಸಿಗೆಯನ್ನು ತಟ್ಟುತ್ತಲೇ ಇತ್ತು. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಬಿಟ್ಟು ಅವರ ಕಿವಿಯ ಹತ್ತಿರ ಬಗ್ಗಿದೆ. "ಅತ್ತೆ, ಮಗು ಚೆನ್ನಾಗಿದೆ, ಜೇನೆಲ್ಲ ಹೋದ್ವು" ಅಂದೆ. ಯಜಮಾನರು ಅವ್ವಾ ಅವ್ವಾ ಎಂದು ಅತ್ತರು. ಕೈ ತಟ್ಟುತ್ತಲೇ ಇತ್ತು.

ಯಶೋಧರಾ ಮಂಚ ಹತ್ತಿ, ಆ ಕೈಯ ಕೆಳಗೆ ತನ್ನ ಬೆನ್ನು ತೂರಿಸಿ ಮಲಗಿದಳು.

"ಅಜ್ಜಿ, ಆಚೆ ಬರ್ಲಾ?"

ಕೈ ನಿಂತಿತು. ಅವರ ಮೂಗಿನ ಹತ್ತಿರ ಬೆರಳು ಹಿಡಿಯಲು ಬಗ್ಗಿದೆ. ಊದಿಕೊಂಡ ತುಟಿಗಳು ನಿಧಾನಕ್ಕೆ ಬಿಚ್ಚಿಕೊಂಡವು.

"ಬಾರವ್ವ" ಅಂದರು.