ವಾಷರ್ ಮೇಲಿನ ಉಳಿ ಗುರುತು

ಚಳಿಗಾಲ ಆಗತಾನೇ ಕಾಲಿಟ್ಟಿತ್ತು. ಬೆಳಿಗ್ಗೆ ಏಳೂವರೆ ಇರಬಹುದು; ಗ್ಯಾರೇಜಿನ ತಗಡಿನ ಬಾಗಿಲು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಗುಡ್ಡದಿಂದ ಕಲ್ಲು ಸಾಗಿಸುವ ಲಾರಿ ಬಂದು ನಿಂತಿತ್ತು. ಹಿಂದಿನ ಗಾಲಿಗಳ ಜೊತೆ ಮುಂದಿನವಕ್ಕೂ ಎಂಜಿನ್ನಿನ ಎಳೆತವಿರುವ ಲಾರಿ ಅದು. ಮುಂದಿನ ಎರಡೂ ಗಾಲಿಗಳ ಗುಂಬವನ್ನು, ಅಂದರೆ ಹಬ್ ಅನ್ನು, ಬಿಚ್ಚಿ, ಬೇರಿಂಗಿಗೆ ಹೊಸ ಗ್ರೀಸ್ ತುಂಬಿ, ಮತ್ತೆ ಕೂಡಿಸಬೇಕಿತ್ತು.

ಗ್ಯಾರೇಜು ನನ್ನ ಮಾವನದು, ಎಂದರೆ ಹೆಂಡತಿಯ ತಂದೆಯದು. ಅವರಿಗೆ ಗಂಡುಮಕ್ಕಳಿಲ್ಲ, ಅಳಿಯಂದಿರು ಇಬ್ಬರು. ದೊಡ್ಡಳಿಯ ನಾನು, ಹದಿನಾಲ್ಕು ವರ್ಷ ಅಲ್ಲೇ ಕೈ ಕಪ್ಪು ಮಾಡಿಕೊಂಡವನು. ಚಿಕ್ಕಳಿಯ, ನನ್ನ ಷಡ್ಡಕ, ಬಂದು ಎರಡು ವರ್ಷವಾಗಿತ್ತು. ಮಾವನ ಕಣ್ಣು ಮಂಜಾಗಿತ್ತು. ಆ ವಾರದ ಶನಿವಾರ ಇಬ್ಬರಲ್ಲಿ ಒಬ್ಬರನ್ನು ಮೇಸ್ತ್ರಿ ಮಾಡಿ ಬೀಗದ ಕೈ ಕೊಡುವುದಾಗಿ ಹೇಳಿದ್ದರು.

"ಎಡದ್ದು ನೀವು ಮಾಡಿ, ಬಲದ್ದು ಅವರು ಮಾಡ್ಲಿ," ಎಂದರು ಮಾವ. "ಆಮೇಲೆ ನೀರಿನ ಟ್ಯಾಂಕಿನವರೆಗೂ ಲಾರಿ ಹೋಗಿ ಬರ್ಲಿ. ಎರಡೂ ಹಬ್ ಮುಟ್ಟಿ ನೋಡ್ತೀನಿ. ಕಣ್ಣು ಹೋದ್ರೂ ಅಂಗೈ ಇದೆಯಲ್ಲ."

ನಟ್ಟಿನ ಬಿಗಿ ಹೆಚ್ಚಾದರೆ ಹಬ್ ಸುಡುತ್ತದೆ. ಸರಿಯಿದ್ದರೆ ಆಡಿ ಬಂದ ಮಗುವಿನ ಹಣೆಯಷ್ಟು ಬೆಚ್ಚಗಿರುತ್ತದೆ.

ಡ್ರೈವರ್ ನಕ್ಕ. "ಮೇಸ್ತ್ರೀ, ಅಳಿಯಂದಿರು ಒಂದೊಂದು ಗಾಲಿ ಹಿಡಿದವ್ರೆ. ಲಾರಿ ಎರಡು ದಿಕ್ಕಿಗೆ ಹೋದ್ರೆ ನಾನ್ಯಾವ ಕಡೆ ಹೋಗ್ಲಿ?"

"ನೀನು ನಡ್ಕೊಂಡು ಮನೆಗೆ ಹೋಗಪ್ಪ," ಎಂದರು ಮಾವ.

ಜಾಕ್ ಏರಿಸಿ ಗಾಲಿ ತೆಗೆದೆವು. ಮುಚ್ಚಳದಂತಿರುವ ಹಬ್ ಲಾಕ್, ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಬಳೆ, ಹೊರಗಿನ ನಟ್ಟು, ನಡುವಿನ ತೆಳು ತಗಡಿನ ಲಾಕ್ ವಾಷರ್, ಒಳಗಿನ ನಟ್ಟು, ಬೇರಿಂಗ್ ಒಂದೊಂದಾಗಿ ಬಂದವು. ಡೀಸೆಲ್ಲಿನಲ್ಲಿ ತೊಳೆದು, ಅಂಗೈಯಲ್ಲಿ ಗ್ರೀಸ್ ಇಟ್ಟು ಬೇರಿಂಗಿನ ಸಂದಿಸಂದಿಗೆ ಒತ್ತಿದೆ. ಒಳಗಿನ ನಟ್ಟನ್ನು ಹಬ್ ತಿರುಗಿಸುತ್ತಾ ಬಿಗಿದು, ಸ್ವಲ್ಪ ಸಡಿಲಿಸಿ, ಕೈಗೆ ಹಿತವೆನಿಸಿದಾಗ ನಿಲ್ಲಿಸಿದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಷಡ್ಡಕ ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ತಂದಿದ್ದ. ನಟ್ಟಿನ ಬಿಗಿ ಅಳೆಯಲು ಅದನ್ನು ಹಬ್ಬಿನ ಬೋಲ್ಟಿಗೆ ಸಿಕ್ಕಿಸಿ, ಹಬ್ ತಿರುಗುವವರೆಗೆ ಎಳೆದು, ಮುಳ್ಳು ಎಲ್ಲಿ ನಿಂತಿತೆಂದು ಮಾವನಿಗೆ ಓದಿ ಹೇಳಿದ. ಮಾವ ತಕ್ಕಡಿಯನ್ನು ಸವರಿ, "ಅಬ್ಬಾ, ಇಷ್ಟು ವರ್ಷ ನಾವು ಕುರುಡರ ಹಾಗೆ ಕೆಲಸ ಮಾಡಿದ್ವಲ್ಲ!" ಎಂದು ನಕ್ಕರು. ನನ್ನ ಕೆಲಸ ನೋಡಿ ಅವರು ಹಾಗೆ ನಕ್ಕದ್ದು ನೆನಪಿಲ್ಲ. ಮನೆಯಲ್ಲಿ ಹೆಂಡತಿಯದೂ ಅದೇ ರಾಗ: "ನಿಮ್ಮ ಷಡ್ಡಕನ್ನ ನೋಡಿ ಕಲೀರಿ, ಉಗುರಲ್ಲಿ ಗ್ರೀಸೇ ಇರಲ್ಲ."

ಚಹಾ ಬಂತು. ಎಲ್ಲರೂ ಬಿಸಿಲಿಗೆ ಹೋದರು. ನಾನು, "ಬಂದೆ, ಕೈ ಒರಸ್ಕೊಂಡು," ಎಂದೆ.

ಬಲಗಡೆ ಹೋದೆ. ಷಡ್ಡಕ ಮಡಚಿದ್ದ ವಾಷರಿನ ಅಂಚನ್ನು ಬಿಡಿಸಿ, ಹೊರನಟ್ಟು ಬಿಚ್ಚಿ, ವಾಷರ್ ತೆಗೆದು, ಒಳನಟ್ಟನ್ನು ಇನ್ನೂ ಎರಡು ಬೆರಳಷ್ಟು ತಿರುಗಿಸಿ ಬಿಗಿ ಮಾಡಿದೆ. ವಾಷರ್ ಇಟ್ಟು, ಹೊರನಟ್ಟು ಏರಿಸಿ, ವಾಷರಿನ ಅಂಚನ್ನು ನಟ್ಟಿನ ಮೇಲೆ ಮಡಚಿದೆ. ಮಡಚದೆ ಬಿಟ್ಟರೆ ನಟ್ಟು ಬಿಚ್ಚಿಕೊಂಡು ಗಾಲಿಯೇ ಕಳಚೀತು. ಅದನ್ನು ಬಿಡಲು ಕೈ ಒಪ್ಪಲಿಲ್ಲ. ಎಂದಿನಂತೆ ಉಳಿಯಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು ಹಾಕಿ, ಮೇಲೆ ಗ್ರೀಸ್ ಸವರಿದೆ. ಹೋಗಿ ಚಹಾ ಕುಡಿದೆ. ಆರಿಹೋಗಿತ್ತು.

ಒಮ್ಮೆ ಅಳೆದದ್ದನ್ನು ಮತ್ತೆ ಅಳೆಯುವ ಅಭ್ಯಾಸ ಷಡ್ಡಕನಿಗಿರಲಿಲ್ಲ. ಹಬ್ ಲಾಕ್ ಮುಚ್ಚಿ ಗಾಲಿ ಹಾಕಿದ. ಲಾರಿ ಹೋಗಿ ಬಂತು.

ಮಾವ ಎಡದ ಹಬ್ಬಿನ ಮೇಲೆ ಅಂಗೈಯಿಟ್ಟು ತಲೆದೂಗಿದರು. ಬಲಕ್ಕೆ ಹೋಗಿ ಇಟ್ಟವರು, "ಹಾ!" ಎಂದು ಕೈ ಕೊಡವಿದರು. "ಏನ್ರೀ ಇದು, ರೊಟ್ಟಿ ಸುಡ್ಬಹುದು! ಬಿಚ್ಚಿ."

ಷಡ್ಡಕ ಬಿಚ್ಚಿದ. ಗ್ರೀಸ್ ಒರೆಸಿದಾಗ ಅವನ ಕೈ ನಿಂತಿತು. ಅವನು ವಾಷರ್ ಮಡಚುತ್ತಿದ್ದದ್ದು ಪ್ಲೈಯರಿನಿಂದ. ಅಲ್ಲಿದ್ದದ್ದು ಉಳಿಯ ಎರಡು ಗೆರೆ. ಆ ಗ್ಯಾರೇಜಿನಲ್ಲಿ ಉಳಿ ಇಡುತ್ತಿದ್ದವನು ನಾನೊಬ್ಬನೇ. ಅವನು ತಲೆಯೆತ್ತಿ ನನ್ನನ್ನು ನೋಡಿದ.

"ತಕ್ಕಡಿ ಏನು ಹೇಳಿತ್ತು ನಿಮ್ಗೆ?" ಮಾವ ಕೇಳಿದರು.

"ತಕ್ಕಡಿ ಸರಿಯಾಗೇ ಹೇಳಿತ್ತು ಮಾವ. ಬಿಗಿ ಜಾಸ್ತಿ ಆಗಿದೆ. ನನ್ನದೇ ತಪ್ಪು." ಮಾವನ ಬೆರಳು ತಾಗುವ ಮೊದಲೇ ಪ್ಲೈಯರಿನಿಂದ ಅಂಚನ್ನು ನೆಟ್ಟಗೆ ಮಾಡಿಬಿಟ್ಟ.

ಶನಿವಾರ ಬೀಗದ ಕೈ ನನಗೆ ಬಂತು.

ಅಂದು ಸಂಜೆ ಕೈ ತೊಳೆಯುವ ತೊಟ್ಟಿಯ ಬಳಿ ಅವನನ್ನು ಕೇಳಿದೆ, "ಯಾಕೆ ಹೇಳ್ಲಿಲ್ಲ?"

"ನನ್ನ ಕೆಲಸ ಕೆಡಿಸಿದ್ರಿ ಭಾವ. ಆದ್ರೆ ವಾಷರ್ ಮಡಚಿದ್ರಿ. ಡ್ರೈವರ್ ಸಾಯ್ಲಿ ಅಂತ ಇರ್ಲಿಲ್ಲ ನಿಮ್ಗೆ. ಅದಕ್ಕೇ ಸುಮ್ನಾದೆ." ಸೋಪು ನನ್ನ ಕಡೆ ಸರಿಸಿದ. "ಆದ್ರೆ ನಿಮ್ಮ ಕೈಕೆಳಗೆ ಇರೋಕೆ ನನ್ನಿಂದಾಗಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಜಾಗದಲ್ಲಿ ನಾನಿದ್ದರೆ ಊರಿಗೆಲ್ಲ ಸಾರುತ್ತಿದ್ದೆ. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಅವನು ಸುಮ್ಮನಿದ್ದದ್ದಕ್ಕೂ ನನಗೆ ಹೊಟ್ಟೆ ಉರಿಯಿತು. ಇಷ್ಟು ವಯಸ್ಸಾದರೂ ಅದು ಪೂರ್ತಿ ಆರಿಲ್ಲ.

ನಿಲ್ಲು ಎನ್ನಬಹುದಿತ್ತು. ಮಾವನ ಮುಂದೆ ಒಂದು ಮಾತು ಒಪ್ಪಿಕೊಳ್ಳಬಹುದಿತ್ತು. ಭಾನುವಾರ ಕಳೆಯಿತು, ಸೋಮವಾರವೂ ಕಳೆಯಿತು. ಷಡ್ಡಕ, ನಾದಿನಿ, ಅವರ ಮಗು, ಎರಡು ಪೆಟ್ಟಿಗೆ, ಆ ತಕ್ಕಡಿ ಸಮೇತ ಅದೇ ಕಲ್ಲಿನ ಲಾರಿಯಲ್ಲಿ ಹೊರಟುಹೋದದ್ದು ಮಂಗಳವಾರ.